ಹದಿನೇಳನೇ ನಂಬರಿನ ಏಲಕ್ಕಿ

ಏಲಕ್ಕಿ ಬೆಳೆದವರಿಗೆ ಕಟ್ಟೆ ರೋಗ ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳೆಯದವರು ಎರಡು ಮಾತು ಕೇಳಿ. ಮೊದಲು ಎಳೆ ಎಲೆಯ ಮೇಲೆ ತಿಳಿ ಹಳದಿ ಗೆರೆ ಬೀಳುತ್ತದೆ. ಆಮೇಲೆ ಎಲೆಯೆಲ್ಲ ಪಟ್ಟೆ ಪಟ್ಟೆ. ಗಿಡ ಒಂದೇ ಸಲಕ್ಕೆ ಸಾಯುವುದಿಲ್ಲ, ನೆಟ್ಟಗೆ ಬದುಕುವುದೂ ಇಲ್ಲ. ವರ್ಷದಿಂದ ವರ್ಷಕ್ಕೆ ಕುಳ್ಳಾಗುತ್ತ, ಕಾಯಿ ಕಡಿಮೆ ಮಾಡುತ್ತ ಹೋಗುತ್ತದೆ. ಸಣ್ಣ ಹೇನೊಂದು ಈ ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತು ತಿರುಗುತ್ತದೆ. ಬಂದ ಮೇಲೆ ಮದ್ದಿಲ್ಲ. ಬುಡ ಸಮೇತ ಕಿತ್ತು ಸುಡಬೇಕು, ಅಷ್ಟೇ.

ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ದಾರಿಯಲ್ಲಿ ಕಲ್ಲುಮಕ್ಕಿ ಅಂತ ಹತ್ತು ಮನೆಯ ಊರು. ಅಲ್ಲಿನ ಪಾಪಮ್ಮನವರ ಮುಕ್ಕಾಲು ಎಕರೆ ಏಲಕ್ಕಿಗೆ ಈ ಪೀಡೆ ಹೊಕ್ಕಿತು. ಗಂಡ ಚಂದ್ರಶೇಖರ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಕಾಫಿ ಗಿಡ ಅವರದು, ಏಲಕ್ಕಿ ಪಾಪಮ್ಮನದು ಅಂತ ಮನೆಯಲ್ಲಿ ಮಾತಿಲ್ಲದೆ ಪಾಲಾಗಿತ್ತು. ಪಾಪಮ್ಮನ ಬಾಯಿ ಜೋರು, ಕೈ ಇನ್ನೂ ಜೋರು. ಯಾರ ಮಾತನ್ನೂ ಸುಲಭಕ್ಕೆ ನಂಬುವವರಲ್ಲ. ನಂಬಿದರೆ ಮಾತ್ರ ಬ್ರಹ್ಮ ಬಂದು ಹೇಳಿದರೂ ಬಿಡುವವರಲ್ಲ. ಈ ಎರಡನೆಯ ಗುಣವೇ ಮುಂದೆ ಅವರನ್ನು ಸುಟ್ಟಿತು.

ಅಷ್ಟು ಹಳದಿಯ ನಡುವೆ ಒಂದು ಹಿಂಡು ಮಾತ್ರ ಕಡು ಹಸಿರಾಗಿ ನಿಂತಿತ್ತು. ಒಂದೇ ಬುಡದಿಂದ ಕಂದು, ಅಂದರೆ ಮರಿಗಿಡ, ಒಡೆದು ಇಪ್ಪತ್ತು ಮೂವತ್ತು ಕಾಂಡ ಒಟ್ಟಿಗೆ ನಿಲ್ಲುತ್ತವಲ್ಲ, ಅದಕ್ಕೆ ಹಿಂಡು ಅನ್ನುವುದು. ಅದನ್ನು ನೆಟ್ಟವರು ಪಾಪಮ್ಮನ ಅತ್ತೆ ಸಿದ್ದಗಂಗಮ್ಮ. ಎಲ್ಲಿಂದಲೋ ಒಂದು ಕಂದು ತಂದು ಒರತೆ ನೀರು ಹರಿಯುವ ತೋಡಿನ ಪಕ್ಕ ಊರಿದ್ದರಂತೆ. ಕಾಯಿ ಸಣ್ಣದು. ಆದರೆ ಒಂದು ಕಾಯಿ ಬಿಡಿಸಿದರೆ ಅಡುಗೆಮನೆಯಿಂದ ಜಗುಲಿಯವರೆಗೂ ಘಮ. ಊರಿನ ಬಾಣಂತಿಯರ ಕಷಾಯಕ್ಕೆ, ಮಕ್ಕಳ ಹೊಟ್ಟೆಯುಬ್ಬರಕ್ಕೆ ಸಿದ್ದಗಂಗಮ್ಮ ಈ ಹಿಂಡಿನ ಕಾಯನ್ನೇ ಆರಿಸಿ ಕೊಡುತ್ತಿದ್ದರು. ಅದಕ್ಕೊಂದು ಹೆಸರೂ ಇಟ್ಟಿದ್ದರು, ಗಟ್ಟಿಗಿತ್ತಿ ಅಂತ.

"ಹಿಂದೆ ಕಟ್ಟೆ ಬಂದು ಊರಿನ ಏಲಕ್ಕಿ ಎಲ್ಲ ಹೋದಾಗ್ಲೂ ಇವಳೊಬ್ಬಳು ಜಗ್ಗಲಿಲ್ಲ ಕಣೇ. ಇವಳನ್ನ ನೋಡ್ಕೋ," ಅಂತ ಸೊಸೆಗೆ ಹೇಳಿಯೇ ಅವರು ಕಣ್ಣುಮುಚ್ಚಿದ್ದರು.

ಈ ಗಟ್ಟಿಗಿತ್ತಿಯ ಸುದ್ದಿ ಸ್ತ್ರೀಶಕ್ತಿ ಸಂಘದ ಮರಿಯಮ್ಮನ ಬಾಯಿಂದ ತನುಜಾ ಎಂಬವಳ ಕಿವಿಗೆ ಬಿತ್ತು. ತನುಜಾ ಒಂದು ಸಂಶೋಧನಾ ಕೇಂದ್ರದಲ್ಲಿ ಔಷಧಿ ಗಿಡ, ಸುವಾಸನೆ ಗಿಡಗಳ ತಳಿ ಸುಧಾರಣೆಯ ಕೆಲಸ ಮಾಡುವವಳು. ಬಿರುಬೇಸಿಗೆಯ ಒಂದು ಬೆಳಿಗ್ಗೆ ಮರಿಯಮ್ಮ ಅವಳನ್ನು ಕರೆದುಕೊಂಡೇ ಬಂದಳು.

"ಪಾಪಕ್ಕ, ಇವ್ರು ತನುಜಾ ಅಂತ. ನಿಮ್ಮ ಗಟ್ಟಿಗಿತ್ತೀನ ನೋಡ್ಬೇಕಂತೆ."

"ನೋಡೋಕೆ ಅದೆಂತ ಮದ್ವೆ ಹೆಣ್ಣಾ ಮಾರಾಯ್ತಿ?" ಅಂದರು ಪಾಪಮ್ಮ. ಅಂದರೂ ಕಾಫಿ ಕೊಟ್ಟು, ಕತ್ತಿ ಹಿಡಿದು ಮುಂದೆ ಮುಂದೆ ದಾರಿ ತೋರಿಸಿದರು.

ತನುಜಾ ಹಿಂಡಿನ ಸುತ್ತ ಮೂರು ಸಲ ಬಂದಳು. ಮೊಣಕಾಲೂರಿ ಕೂತು ಎಲೆಯ ಅಡಿಭಾಗ ನೋಡಿದಳು. ಅವಳ ಮುಖ ಅರಳಿದ್ದು ನೋಡಿ ಪಾಪಮ್ಮನಿಗೆ ಒಳಗೊಳಗೇ ಹೆಮ್ಮೆ ಆಯಿತು.

"ಅಮ್ಮಾ, ಸುತ್ತ ಎಂಟು ಹಿಂಡಲ್ಲಿ ಏಳಕ್ಕೆ ಕಟ್ಟೆ ಇದೆ. ಎಂಟನೇದಕ್ಕೂ ಇವತ್ತಲ್ಲ ನಾಳೆ ಬರ್ತದೆ. ನಡುವೆ ಇದೊಂದು ಆರಾಮಾಗಿ ನಿಂತಿದೆ! ಇಂಥ ಗಿಡ ಹುಡ್ಕೊಂಡು ಎರಡು ವರ್ಷದಿಂದ ಅಲೀತಿದೀನಿ."

"ಅದೃಷ್ಟ ಇರ್ಬೋದು. ಹೇನು ಇದಕ್ಕೆ ಕಚ್ಚಿರ್ಲಿಕ್ಕಿಲ್ಲ."

"ಇರ್ಬೋದು. ಅದನ್ನೇ ಪರೀಕ್ಷೆ ಮಾಡ್ಬೇಕು. ಒಂದೇ ಮನೇಲಿ ಎಲ್ರಿಗೂ ಜ್ವರ ಬಂದ್ರೂ ಒಬ್ರು ಮಾತ್ರ ಗಟ್ಟಿಯಾಗಿ ಓಡಾಡ್ಕೊಂಡಿರ್ತಾರಲ್ಲ, ಹಂಗೆ. ಕೆಲವು ಸಲ ಅದೃಷ್ಟ, ಕೆಲವು ಸಲ ಹುಟ್ಟುಗುಣ. ಹುಟ್ಟುಗುಣ ಆದ್ರೆ ಅದು ಗಿಡದ ವಂಶವಾಹಿಯಲ್ಲೇ ಇರ್ತದೆ. ನಿಮ್ಮತ್ತೆಯವ್ರ ಮೂಗು ನಿಮ್ಮ ಮಗಳಿಗೆ ಬಂದ ಹಾಗೆ, ಆ ಗುಣ ಮರಿಗೂ ಇಳೀಬಹುದು."

"ನನ್ನ ಮಗಳಿಗೆ ಬಂದಿರೋದು ಅವ್ರ ಮೂಗಲ್ಲ, ಮೂಗಿನ ತುದೀಲಿದ್ದ ಸಿಟ್ಟು," ಅಂದರು ಪಾಪಮ್ಮ. ಮೂವರೂ ನಕ್ಕರು. ಆಮೇಲೆ ಪಾಪಮ್ಮ ಕಣ್ಣು ಕಿರಿದು ಮಾಡಿ ಕೇಳಿದರು. "ಸರಿ, ಗುಣ ಇದೆ ಅಂತ್ಲೇ ಇಟ್ಕೊಳ್ಳಿ. ಆಮೇಲೆ ಎಂತ ಮಾಡ್ತೀರಿ? ಇಂಜೆಕ್ಷನ್ ಗಿಂಜೆಕ್ಷನ್ ಕೊಟ್ಟು ಗಿಡದ ಜಾತಿ ಕೆಡಿಸೋದಾ?"

"ಇಲ್ಲಮ್ಮ, ಜೇನು ಮಾಡೋ ಕೆಲ್ಸನೇ ನಾವೂ ಮಾಡೋದು. ಒಳ್ಳೇ ಇಳುವರಿ ಕೊಡೋ ಗಿಡದ ಹೂವಿಗೆ ನಿಮ್ಮ ಗಟ್ಟಿಗಿತ್ತಿಯ ಪರಾಗ ಮುಟ್ಟಿಸ್ತೀವಿ. ಅದರ ಬೀಜದಿಂದ ನೂರಾರು ಸಸಿ ಮಾಡ್ತೀವಿ. ರೋಗದ ಗಿಡಗಳ ನಡುವೇನೇ ನೆಟ್ಟು, ಯಾವುದು ತಡ್ಕೊಳ್ತದೆ, ಯಾವುದಕ್ಕೆ ಘಮನೂ ಇದೆ ಅಂತ ಆರಿಸ್ತೀವಿ. ವಂಶವಾಹಿಯಲ್ಲಿ ಆ ಗುಣದ ಗುರುತು ಸಿಕ್ಕಿಬಿಟ್ರೆ ಕೆಲಸ ಇನ್ನೂ ಬೇಗ. ಎಳೇ ಸಸಿಯ ಒಂದು ಚೂರು ಎಲೆ ನೋಡಿಯೇ ಹೇಳ್ಬಹುದು. ಆದ್ರೂ ಎಂಟ್ಹತ್ತು ವರ್ಷ ಹಿಡೀತದೆ."

"ಅಷ್ಟೊತ್ತಿಗೆ ನಾನಿರ್ತೀನೋ ಇಲ್ವೋ!"

"ಯಾರಿರ್ಲಿ ಬಿಡ್ಲಿ, ಏಲಕ್ಕಿ ಇರ್ಬೇಕಲ್ಲಮ್ಮ," ಅಂದಳು ತನುಜಾ.

ಅವಳು ಮೂರು ಎಲೆ ಕೊಯ್ದು ಕಾಗದದ ಕವರಿಗೆ ಹಾಕಿಕೊಂಡಳು. ಈ ಬಿಸಿಲಿಗೆ ಕಂದು ಕಿತ್ತರೆ ಬದುಕುವುದಿಲ್ಲ, ಮೃಗಶಿರೆ ಮಳೆ ಹಿಡಿದ ಮೇಲೆ ಬಂದು ಎರಡೇ ಎರಡು ಕಂದು ತೆಗೆದುಕೊಂಡು ಹೋಗುತ್ತೇನೆ, ಅಲ್ಲಿವರೆಗೆ ಇದಕ್ಕೆ ಕತ್ತಿ ತಾಗಿಸಬೇಡಿ ಅಂದಳು. ಗುರುತಿಗೆ ಅಂತ ಒಂದು ಪುಟ್ಟ ತಗಡಿನ ಬಿಲ್ಲೆಯನ್ನು ತಂತಿಯಲ್ಲಿ ಕಾಂಡಕ್ಕೆ ಕಟ್ಟಿದಳು. ಬಿಲ್ಲೆಯ ಮೇಲೆ ಹದಿನೇಳು ಅಂತ ಕೊರೆದಿತ್ತು. ತನ್ನ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಪಾಪಮ್ಮನ ಕೈಗೆ ಕೊಟ್ಟಳು. ಪಾಪಮ್ಮ ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು.

ಎಲ್ಲ ಸರಿಯೇ ಇತ್ತು. ಹಾಳಾದ್ದು ಬುಧವಾರ ಬರುವವರೆಗೆ.

ಬುಧವಾರ ಪಾಪಮ್ಮ ಕಳಸದ ಪೇಟೆಗೆ ಹೋದರು. ಮೆಣಸು, ಏಲಕ್ಕಿ ಕೊಳ್ಳುವ ಏಕಾಂತಪ್ಪನವರ ಅಂಗಡಿಯಲ್ಲಿ ಸಾಮಾನು ಕಟ್ಟಿಸುತ್ತಾ, ಹೆಮ್ಮೆ ತಡೆಯಲಾರದೆ ಗಟ್ಟಿಗಿತ್ತಿಗೆ ನಂಬರ್ ಕಟ್ಟಿದ ಕಥೆ ಹೇಳಿದರು. ಏಕಾಂತಪ್ಪ ದಾರದುಂಡೆ ಕೆಳಗಿಟ್ಟರು.

"ನಂಬರ್ ಹಾಕಿದ್ರಾ? ತಗಡಲ್ಲಿ? ಹೋಯ್ತು ಬಿಡಿ ಪಾಪಮ್ಮೋರೇ. ಇವತ್ತು ಗಿಡಕ್ಕೆ ನಂಬರು, ನಾಳೆ ಜಾಗಕ್ಕೆ ನಂಬರು. ಅಪರೂಪದ ಗಿಡ ಇದೆ ಅಂತ ಸರ್ಕಾರಕ್ಕೆ ಗೊತ್ತಾದ್ರೆ ಸುತ್ತ ಇರೋದೆಲ್ಲ ಕಾಡಿಗೆ ಸೇರಿಸ್ತಾರಂತೆ."

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರಪ್ಪ."

ಏಕಾಂತಪ್ಪ ಕೆಟ್ಟವರಲ್ಲ. ಕೇಳಿದ್ದನ್ನು ಹೇಳಿದರು. ಅವರಿಗೆ ಹೇಳಿದವರೂ ಕೇಳಿಯೇ ಹೇಳಿದ್ದರು. ಆದರೆ ಈ ಬೆಟ್ಟದ ಸೀಮೆಯಲ್ಲಿ ಕಾಡಿನ ಗಡಿ ಅಂದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ನಂಬರ್ ಬಿದ್ದ ಮರದ ವಿಚಾರಕ್ಕೆ ಕಚೇರಿ ಅಲೆದವರು, ಸರ್ವೆಯವರು ಬಂದ ದಿನ ಅನ್ನ ಬಿಟ್ಟವರು ಊರೂರಿಗೂ ಇದ್ದಾರೆ. ಆ ಹೆದರಿಕೆಯನ್ನು ಸುಮ್ಮನೆ ನಗಾಡುವ ಹಾಗಿಲ್ಲ. ಪಾಪಮ್ಮ ಬಸ್ಸಿನಲ್ಲಿ ಬರುವಾಗಲೇ ಮುಕ್ಕಾಲು ಎಕರೆ ಹೋದ ಹಾಗೇ ಅಂತ ಲೆಕ್ಕ ಹಾಕಿದರು. ಮೂರು ದಿನ ಊಟ ಸೇರಲಿಲ್ಲ. ತೋಟಕ್ಕೆ ಹೋದರೆ ಆ ಬಿಲ್ಲೆಯೇ ಕಣ್ಣಿಗೆ ಚುಚ್ಚುತ್ತಿತ್ತು.

ಒಂದು ಫೋನ್ ಮಾಡಬಹುದಿತ್ತು. ಚೀಟಿ ಕ್ಯಾಲೆಂಡರಿನ ಹಿಂದೆಯೇ ಇತ್ತು. ಮರಿಯಮ್ಮನ ಮನೆ ಕೂಗಳತೆ ದೂರ. ಗಂಡನನ್ನು ಕೇಳಬಹುದಿತ್ತು. ಪಾಪಮ್ಮ ಯಾರನ್ನೂ ಕೇಳಲಿಲ್ಲ. "ಕೇಳಿದ್ರೆ ಅವ್ಳೇನು ನಿಜ ಹೇಳ್ತಾಳಾ?" ಅಂತ ತಮಗೆ ತಾವೇ ಹೇಳಿಕೊಂಡರು.

ನಾಲ್ಕನೆಯ ದಿನ ಚಂದ್ರಶೇಖರ ಕೆಲಸಕ್ಕೆ ಹೋದ ಮೇಲೆ ಹಾರೆ, ಗುದ್ದಲಿ ತೆಗೆದುಕೊಂಡು ತೋಟಕ್ಕಿಳಿದರು. ಮೊದಲು ಬಿಲ್ಲೆಯ ತಂತಿ ಬಿಚ್ಚಿದರು. ತನುಜಾ ಹೇಳಿದ ಆ ಎಂಟನೆಯ ಹಿಂಡು, ಇನ್ನೂ ಹಸಿರಾಗಿಯೇ ಕಾಣುತ್ತಿದ್ದದ್ದು, ಅದಕ್ಕೆ ಕಟ್ಟಿದರು. ಗಿಡ ಕೇಳಿಕೊಂಡು ಬಂದವಳಿಗೆ ಗಿಡ ಸಿಗಬೇಕು, ಹುಡುಕಿ ಬರುವ ಸರ್ಕಾರಕ್ಕೆ ಮಾತ್ರ ಅಪರೂಪದ್ದು ಏನೂ ಸಿಗಬಾರದು. ಅದು ಅವರ ಲೆಕ್ಕಾಚಾರ. ಎಂಥ ಬುದ್ಧಿ ನೋಡಿ!

ಆಮೇಲೆ ಗಟ್ಟಿಗಿತ್ತಿಯ ಬುಡಕ್ಕೆ ಹಾರೆ ಹಾಕಿದರು. ಅದು ಹೆಸರಿಗೆ ತಕ್ಕ ಹಾಗೆ ಜಗ್ಗಲಿಲ್ಲ. ಬೆಳಿಗ್ಗೆ ಹಿಡಿದ ಕೆಲಸ ಮಧ್ಯಾಹ್ನ ಆದರೂ ಮುಗಿಯಲಿಲ್ಲ. ಬೇರು ಹರಿದ ಹಾಗೆಲ್ಲ ಹಸಿ ಘಮ ಏಳುತ್ತಿತ್ತು. ಅತ್ತೆ ಬಾಣಂತನದಲ್ಲಿ ಕುಡಿಸಿದ ಕಷಾಯದ್ದೇ ಘಮ. ಪಾಪಮ್ಮನಿಗೆ ಅಳು ಬಂತು. ಅಳುತ್ತಲೇ ಅಗೆದರು. ಕಾಂಡ, ಬೇರು, ಒಂದು ಕಂದು ಬಿಡದೆ ಗುಡ್ಡೆ ಹಾಕಿ, ರೋಗದ ಗಿಡಗಳ ಒಣ ರಾಶಿಯ ಜೊತೆಗೇ ಬೆಂಕಿ ಕೊಟ್ಟರು.

ಸಂಜೆ ಗಂಡ ಕೇಳಿದ್ದಕ್ಕೆ, "ಅದಕ್ಕೂ ಕಟ್ಟೆ ಬಂತು, ಸುಟ್ಟೆ," ಅಂದರು. ಚಂದ್ರಶೇಖರ ಹೋಗಿ ಆ ಗುಂಡಿಯ ಪಕ್ಕ ಸ್ವಲ್ಪ ಹೊತ್ತು ನಿಂತು ಬಂದರು. "ಅಮ್ಮ ಹಾಕಿದ್ದು," ಅಂತಷ್ಟೇ ಅಂದರು.

ಮಳೆ ಹಿಡಿಯಿತು. ಹೇಳಿದ ಹಾಗೆ ತನುಜಾ ಒದ್ದೆ ಗೋಣಿ ಹಿಡಿದುಕೊಂಡು ಬಂದಳು. ರೋಗದ ಹಿಂಡುಗಳನ್ನೆಲ್ಲ ಕಿತ್ತು ಸುಟ್ಟ ತೋಟ ಎಲ್ಲಿ ನೋಡಿದರೂ ಒಂದೇ ಥರ ಕಾಣುತ್ತಿತ್ತು. ಅವಳು ಬಿಲ್ಲೆಯನ್ನು ನಂಬಿದಳು. ಪಾಪಮ್ಮನನ್ನೂ ನಂಬಿದಳು. ಎರಡು ಕಂದು ಕಿತ್ತು, ಮಗುವಿಗೆ ಸುತ್ತಿದ ಹಾಗೆ ಗೋಣಿ ಸುತ್ತಿ, ಹೊರಡುವ ಮುಂಚೆ ಒಂದು ಕಾಗದ ಕೊಟ್ಟಳು.

"ಓದ್ಕೊಳ್ಳಿ ಅಮ್ಮ. ಗಿಡ ಕೊಟ್ಟವರ ಹೆಸರು ಪಾಪಮ್ಮ ಚಂದ್ರಶೇಖರ, ಕಲ್ಲುಮಕ್ಕಿ. ಮುಂದೆ ಹೊಸ ತಳಿ ಬಂದ್ರೆ ಅದರ ಮೂಲ ನಿಮ್ಮ ಮನೇದು ಅಂತ ದಾಖಲೆ ಇರ್ತದೆ. ಈ ನಂಬರು ಗಿಡಕ್ಕೆ ಮಾತ್ರ. ನಿಮ್ಮ ಜಾಗಕ್ಕೂ ನಮಗೂ ಸಂಬಂಧ ಇಲ್ಲ ಅಂತ ಕೆಳಗೆ ಬರೆದಿದೆ ನೋಡಿ."

ಪಾಪಮ್ಮ ಓದಿದರು. ಮತ್ತೊಮ್ಮೆ ಓದಿದರು. ಆಗಲಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಅಷ್ಟು ಜೋರು ಬಾಯಿ ಆ ಹೊತ್ತಿಗೆ ಕಟ್ಟಿಹೋಯಿತು. "ಕಾಫಿ ಕುಡ್ಕೊಂಡು ಹೋಗಿ," ಅಂದರು, ಅಷ್ಟೇ.

ಒಂದೂವರೆ ವರ್ಷ ಕಳೆಯಿತು. ಬಿಲ್ಲೆ ಕಟ್ಟಿದ್ದ ಹಿಂಡಿಗೂ ಕಟ್ಟೆ ಬಂದು ಅದನ್ನೂ ಸುಟ್ಟಿದ್ದಾಯಿತು. ಮುಕ್ಕಾಲು ಎಕರೆಯಲ್ಲಿ ಹೊಸದಾಗಿ ನೆಟ್ಟ ಸಸಿಗಳ ಮೇಲೂ ಹಳದಿ ಗೆರೆ ಕಾಣಿಸಿತು. ದೀಪಾವಳಿ ಕಳೆದು ಎರಡು ವಾರಕ್ಕೆ ತನುಜಾ ಬಂದಳು. ಮುಖ ಬಾಡಿತ್ತು. ಜೊತೆಗೆ ಮರಿಯಮ್ಮ ಇದ್ದಳು.

"ಅಮ್ಮ, ಕ್ಷಮೆ ಕೇಳೋಕೆ ಬಂದೆ," ಅಂದಳು ತನುಜಾ.

"ನೀವ್ಯಾಕೆ?" ಅಂದರು ಪಾಪಮ್ಮ.

"ನಿಮ್ಮ ಕಂದಿಗೆ ಕಟ್ಟೆ ಬಂದುಬಿಡ್ತು. ಯಾಕೆ ಅಂತ ನೋಡೋಕೆ, ಮೊದಲ್ನೇ ಸಲ ಒಯ್ದಿದ್ದ ಎಲೆಯ ವಂಶವಾಹಿಗೂ ಈ ಕಂದಿನದಕ್ಕೂ ತಾಳೆ ಹಾಕಿದ್ವಿ. ಎರಡೂ ಒಂದೇ ಗಿಡದ್ದಲ್ಲ. ಎಲ್ಲೋ ನನ್ನ ಕೈಯಲ್ಲೇ ಅದಲು ಬದಲಾಗಿದೆ. ಒಂದೂವರೆ ವರ್ಷದ ಕೆಲಸ ನೀರಲ್ಲಿ ಹೋಮ ಆಯ್ತು. ಸಾಹೇಬ್ರು ಎಲ್ರ ಮುಂದೆ ಬೈದ್ರು. ಬೈಲಿ, ತಪ್ಪು ನಂದೇ. ಆದ್ರೆ ನಿಮ್ಮ ಗಟ್ಟಿಗಿತ್ತಿ ಇನ್ನೂ ಇದೆಯಲ್ಲ, ಇನ್ನೊಂದ್ಸಲ ಎರಡು ಕಂದು ಕೊಡ್ತೀರಾ?"

ಪಾಪಮ್ಮ ಜಗುಲಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ತಾವು ಸುಟ್ಟಿದ್ದು ಒಂದು ಕಡೆ, ತಾವು ಮಾಡಿದ ತಪ್ಪಿಗೆ ಈ ಹುಡುಗಿ ತಲೆ ತಗ್ಗಿಸಿ ನಿಂತಿದ್ದು ಇನ್ನೊಂದು ಕಡೆ. ಇನ್ನು ತಡೆಯಲಾಗಲಿಲ್ಲ. ಬಿಲ್ಲೆ ಬಿಚ್ಚಿದ್ದು, ಬೇರೆ ಗಿಡಕ್ಕೆ ಕಟ್ಟಿದ್ದು, ಹಾರೆ ಹಾಕಿದ್ದು, ಬೆಂಕಿ ಕೊಟ್ಟಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದರು.

"ಜಾಗ ಹೋಗ್ತದೆ ಅಂತ ಹೆದರ್ಕೊಂಡೆ ಕಣವ್ವ. ನನ್ನ ಕೈ ಸೇದಿಹೋಗ್ಲಿ."

"ಪಾಪಕ್ಕಾ!" ಅಂದಳು ಮರಿಯಮ್ಮ, ಎದೆ ಮೇಲೆ ಕೈಯಿಟ್ಟು. "ನನ್ನ ಮನೆ ಇಲ್ಲೇ ಇತ್ತಲ್ಲ?"

ತನುಜಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಂಗೊಂದು ಫೋನ್ ಮಾಡ್ಬಹುದಿತ್ತಲ್ಲಮ್ಮ," ಅಂದಳು. ಅಂದು ಅತ್ತಳು.

ಪಾಪಮ್ಮ ತಟಕ್ಕನೆ ಎದ್ದು ಒಳಗೆ ಓಡಿದರು. ಅಟ್ಟದ ಮೇಲಿಂದ ಅತ್ತೆಯ ಕಾಲದ ಹಿತ್ತಾಳೆ ಡಬ್ಬಿ ಇಳಿಸಿ ತಂದರು. ಅದರ ತಳದಲ್ಲಿ ಒಂದು ಹಿಡಿ ಏಲಕ್ಕಿ ಇತ್ತು. "ಇದು ಅದರದೇ ಕಾಯಿ! ಮದ್ದಿಗೆ ಅಂತ ಬೇರೆ ಇಟ್ಟಿದ್ದೆ. ತಗೊಳ್ಳಿ, ಬಿತ್ತಿ, ಹುಟ್ಟುತ್ತೆ!"

ತನುಜಾ ಒಂದು ಕಾಯಿ ಬಿಡಿಸಿದಳು. ಜಗುಲಿ ತುಂಬ ಘಮ ಬಂತು. "ಇದನ್ನ ಎಲ್ಲಿ ಒಣಗಿಸಿದ್ರಿ ಅಮ್ಮ?"

"ಒಲೆ ಮೇಲಿನ ಅಟ್ಟದಲ್ಲಿ. ಎಲ್ರೂ ಹಂಗೇ ಅಲ್ದಾ ಮಾಡೋದು?"

"ಹೌದು, ಕಷಾಯಕ್ಕೆ ಅದೇ ಸರಿ," ಅಂದಳು ತನುಜಾ ಮೆಲ್ಲಗೆ. "ಆದ್ರೆ ಬೆಂಕಿ ಕಾವು ತಾಗಿ, ಇಷ್ಟು ದಿನ ಆದ ಮೇಲೆ ಬೀಜದಲ್ಲಿ ಜೀವ ಇರೋದು ಕಷ್ಟ."

ಆದರೂ ಒಯ್ದಳು. ನೂರ ಹನ್ನೆರಡು ಬೀಜ ಬಿತ್ತಿದರಂತೆ. ಪಾಪಮ್ಮ ವಾರಕ್ಕೊಂದು ಸಲ ಫೋನ್ ಮಾಡಿ ಕೇಳುತ್ತಿದ್ದರು. ಅಂದು ಮಾಡದ ಫೋನನ್ನು ಈಗ ಹತ್ತು ಸಲ ಮಾಡಿದರು. ಒಂದೂ ಮೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

"ಆ ಮೂರು ಎಲೆ ಇದೆಯಲ್ಲವ್ವ, ಅದ್ರಿಂದ ಆಗಲ್ವಾ?" ಅಂತ ಕೊನೆಗೆ ಕೇಳಿದರು.

"ಒಣಗಿದ ಎಲೆಯಲ್ಲಿ ಗಿಡದ ಗುಣ ಓದ್ಬಹುದು ಅಮ್ಮ. ಗಿಡ ಹುಟ್ಟಿಸೋಕೆ ಬರಲ್ಲ."

ಗಂಡನಿಗೂ ಪಾಪಮ್ಮ ನಿಜ ಹೇಳಿದರು. ಮೂರನೆಯ ದಿನ ಚಂದ್ರಶೇಖರ ತಾವೇ ಮರಿಯಮ್ಮನ ಜೊತೆ ಪಂಚಾಯಿತಿಗೆ ಹೋಗಿ, ಜೀವವೈವಿಧ್ಯ ಸಮಿತಿಯವರು ಊರಿನ ಗಿಡಮದ್ದು ದಾಖಲು ಮಾಡುವ ಪುಸ್ತಕದಲ್ಲಿ ಮನೆಯ ಹಿತ್ತಲಿನ ಹಿಪ್ಪಲಿ, ಬಜೆ, ಲಾವಂಚದ ಹೆಸರು ಬರೆಸಿ ಬಂದರು. ಬರೆಸುವ ಮುಂಚೆ, ಇದರಿಂದ ಪಹಣಿಗೆ ಏನಾದರೂ ಆಗುತ್ತದಾ ಅಂತ ಕೇಳಿದರು. ಏನೂ ಆಗುವುದಿಲ್ಲ ಅಂತ ಉತ್ತರ ಬಂತು. ಕೇಳುವುದಕ್ಕೆ ಹಿಡಿದದ್ದು ಒಂದು ನಿಮಿಷ.

ಪಾಪಮ್ಮ ಈಗ ಆ ತಗಡಿನ ಬಿಲ್ಲೆಯನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಾರೆ. ಸಂಘದ ಸಭೆಗಳಲ್ಲಿ ತೆಗೆದು ಎಲ್ಲರ ಕೈಗೂ ಕೊಡುತ್ತಾರೆ. ಕಟ್ಟೆ ಬಂದ ತೋಟದ ಸುದ್ದಿ ಕೇಳಿದರೆ ಸಾಕು, ಜಾವಳಿಯಾಗಲಿ, ಬಾಬಾಬುಡನ್‌ಗಿರಿಯ ಕೆಳಗಿನ ಊರಾಗಲಿ, ಬಸ್ಸು ಹತ್ತಿ ಹೋಗುತ್ತಾರೆ. ಹಳದಿಯ ನಡುವೆ ಹಸಿರಾಗಿ ನಿಂತದ್ದು ಏನಾದರೂ ಇದೆಯಾ ಅಂತ ಸಾಲು ಸಾಲು ಹುಡುಕುತ್ತಾರೆ. ಇದುವರೆಗೆ ಎರಡು ಹಿಂಡು ತೋರಿಸಿಕೊಟ್ಟಿದ್ದಾರೆ. ತನುಜಾ ಅವುಗಳ ಕಂದು ನೆಟ್ಟು ಕಾಯುತ್ತಿದ್ದಾಳೆ. ಮನೆಗೆ ಬಂದು ಪಾಪಮ್ಮ ಮಾತ್ರ, "ಇವೂ ಗಟ್ಟಿಗಿತ್ತಿ ಅಲ್ಲ ಕಣ್ರೀ, ಆ ಘಮ ಇಲ್ಲ," ಅಂತ ಗಂಡನ ಹತ್ತಿರ ನಿಟ್ಟುಸಿರು ಬಿಡುತ್ತಾರೆ.

ಬಂಧುಗಳೇ, ನಿಮ್ಮ ಹಿತ್ತಲಲ್ಲಿ, ತೋಟದ ಮೂಲೆಯಲ್ಲಿ ಇಂಥದ್ದೊಂದು ಗಿಡ ಇರಬಹುದು. ಎಲ್ಲ ಒಣಗಿದಾಗ ಒಣಗದ್ದು, ಎಲ್ಲಕ್ಕೆ ರೋಗ ಬಂದಾಗ ಬಾರದ್ದು, ಅಜ್ಜಿ ಮದ್ದಿಗೆ ಅಂತಲೇ ಕಾಪಾಡಿದ್ದು. ಅದನ್ನು ಕೀಳಬೇಡಿ, ಬಚ್ಚಿಡಲೂ ಬೇಡಿ. ಒಂದೇ ಕಡೆ ಇದ್ದರೆ ಕಂದು ತೆಗೆದು ಇನ್ನೊಂದು ಕಡೆ ನೆಡಿ, ನೆರೆಯವರಿಗೊಂದು ಕೊಡಿ. ತಳಿ ಸಂಶೋಧನೆ ಮಾಡುವವರಿಗೆ, ತೋಟಗಾರಿಕೆಯವರಿಗೆ ತಿಳಿಸಿ. ಬಂದವರು ಯಾರು, ಗಿಡ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ, ನಿಮ್ಮ ಹೆಸರಿನಲ್ಲಿ ಬರಹದಲ್ಲೇ ರಸೀದಿ ತೆಗೆದುಕೊಳ್ಳಿ. ರೈತರು ಕಾಪಾಡಿದ ತಳಿಯನ್ನು ರೈತರ ಹೆಸರಿನಲ್ಲೇ ನೋಂದಾಯಿಸಲು ನಮ್ಮಲ್ಲಿ ಕಾನೂನಿದೆ. ಹೆದರಿಕೆ ಆದರೆ ಹೆದರಿಕೆಯನ್ನೇ ಬಾಯಿಬಿಟ್ಟು ಕೇಳಿ. ಗುದ್ದಲಿ ಎತ್ತುವ ಮುಂಚೆ ಕೇಳಿ.

ಸಂಶೋಧನಾ ಕೇಂದ್ರದ ಪುಸ್ತಕದಲ್ಲಿ ಹದಿನೇಳನೆಯ ಸಾಲು ಇಂದಿಗೂ ಹಾಗೆಯೇ ಇದೆ. ಕೊಟ್ಟವರು, ಪಾಪಮ್ಮ ಚಂದ್ರಶೇಖರ, ಕಲ್ಲುಮಕ್ಕಿ. ತನುಜಾ ಆ ಹೆಸರು ಹೊಡೆದುಹಾಕಲಿಲ್ಲ. ಮುಂದಿನ ಖಾನೆಯಲ್ಲಿ ಮಾತ್ರ ಹೀಗೆ ಬರೆದಿದ್ದಾಳೆ: ಎಲೆ ಇದೆ, ಗಿಡ ಇಲ್ಲ. ನಿಮ್ಮ ಮನೆಯ ಗಿಡದ ಮುಂದೆ ಯಾರೂ ಹಾಗೆ ಬರೆಯುವ ಹಾಗೆ ಮಾಡಬೇಡಿ.